ಟೇಪು ಕತ್ತರಿಸಿದ ಮರುದಿನದ ಲೆಕ್ಕ: ಸಾರಿಗೆ ಯೋಜನೆಗಳಿಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಸಾರಿಗೆ ಮತ್ತು ಹಣಕಾಸು ಖಾತೆಗಳ ಸಚಿವರಿಗೆ, ನಗರಾಡಳಿತದ ಸದಸ್ಯರಿಗೆ, ಕಡತಕ್ಕೆ ಟಿಪ್ಪಣಿ ಬರೆಯುವ ಅಧಿಕಾರಿಗಳಿಗೆ, ಹಾಗೂ ಇವರೆಲ್ಲರಿಗೆ ಮತವನ್ನೂ ತೆರಿಗೆಯನ್ನೂ ಕೊಡುವ ಪ್ರಯಾಣಿಕರಿಗೆ,

ಮಾನ್ಯರೇ,

ಮೆಟ್ರೊ ಅಥವಾ ಟ್ರಾಮ್ ಯೋಜನೆಯ ಕಡತ ನಿಮ್ಮ ಮೇಜಿಗೆ ಬಂದಾಗ ಮೊದಲ ಪುಟದಲ್ಲೇ ಐದು ಸಂಖ್ಯೆಗಳು ಕಾಣುತ್ತವೆ: ಎಷ್ಟು ಕಿಲೋಮೀಟರ್, ಎಷ್ಟು ನಿಲ್ದಾಣ, ಎಷ್ಟು ಖರ್ಚು, ದಿನಕ್ಕೆ ಎಷ್ಟು ಪ್ರಯಾಣಿಕರು, ಯಾವ ವರ್ಷ ಮುಗಿಯುತ್ತದೆ. ಆ ಕಡತದಲ್ಲಿ ಸಾಮಾನ್ಯವಾಗಿ ಸಿಗದ ಇನ್ನೊಂದು ಪುಟದ ಬಗ್ಗೆ ಈ ಪತ್ರ. ರೈಲು ಓಡಲು ಶುರುವಾದ ಮೇಲೆ 30 ವರ್ಷ ಅದನ್ನು ಯಾವ ದುಡ್ಡಿನಲ್ಲಿ ಓಡಿಸುತ್ತೀರಿ ಎಂದು ಹೇಳಬೇಕಾದ ಪುಟ ಅದು.

ಅದರಲ್ಲಿ ಏನಿರಬೇಕು ಎಂಬುದು ಗುಟ್ಟೇನಲ್ಲ. ಟಿಕೆಟ್ ಗೇಟು, ಕಾರ್ಡ್ ಓದುವ ಯಂತ್ರಗಳು 10–15 ವರ್ಷಕ್ಕೆ ಹಳತಾಗುತ್ತವೆ. ಯಂತ್ರ ಕೆಡದಿದ್ದರೂ ಅದರ ಬಿಡಿಭಾಗ ತಯಾರಿಸುವುದನ್ನು ಕಂಪನಿ ನಿಲ್ಲಿಸಿರುತ್ತದೆ. 15–20ನೇ ವರ್ಷದಲ್ಲಿ ಬೋಗಿಗಳನ್ನು ಪೂರ್ತಿ ಬಿಚ್ಚಿ ಬಾಗಿಲಿನ ಮೋಟರ್, ಬ್ರೇಕ್, ವೈರಿಂಗ್, ನೆಲಹಾಸು ಎಲ್ಲವನ್ನೂ ನೋಡಬೇಕು. ಸಿಗ್ನಲ್ ವ್ಯವಸ್ಥೆಯನ್ನೂ ಎಸ್ಕಲೇಟರ್‌ಗಳನ್ನೂ 25ನೇ ವರ್ಷದ ಆಸುಪಾಸಿನಲ್ಲಿ ಬದಲಿಸಬೇಕು. ತಿರುವಿನ ಹಳಿ ನೇರ ಹಳಿಗಿಂತ ಎಷ್ಟೋ ಬೇಗ ಸವೆಯುತ್ತದೆ. ಇವುಗಳಲ್ಲಿ ಯಾವ ಬಿಲ್ಲೂ ಶಂಕುಸ್ಥಾಪನೆ ಮಾಡಿದವರ ಅಧಿಕಾರಾವಧಿಯಲ್ಲಿ ಬರುವುದಿಲ್ಲ. ಪುಟ ಕಾಣೆಯಾಗಲು ಇಷ್ಟು ಕಾರಣ ಸಾಕು.

ಇನ್ನೂ ಆಳದ ಕಾರಣ ಹಣ ಬರುವ ದಾರಿಯಲ್ಲಿದೆ. ಸರ್ಕಾರದ ದುಡ್ಡು ಎರಡು ಚೀಲಗಳಲ್ಲಿ ಬರುತ್ತದೆ: ಕಟ್ಟುವುದಕ್ಕೆ ಒಂದು, ನಡೆಸುವುದಕ್ಕೆ ಇನ್ನೊಂದು. ಮೇಲಿನ ಸರ್ಕಾರಗಳು ಮೊದಲನೆಯದನ್ನು ಧಾರಾಳವಾಗಿ ಬಿಚ್ಚುತ್ತವೆ, ಎರಡನೆಯದನ್ನು ಊರಿನ ಆಡಳಿತದ ತಲೆಗೆ ಕಟ್ಟುತ್ತವೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಅಮೆರಿಕದಲ್ಲಿ ಹೊಸ ಬಸ್ ಕೊಳ್ಳಲು ಕೇಂದ್ರದಿಂದ ಶೇ. 80ರಷ್ಟು ಸಿಗಬಹುದು. ಆದರೆ 1998ರ ಕಾನೂನು 2 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಪ್ರದೇಶಗಳಿಗೆ ಬಸ್ ಓಡಿಸುವ ಖರ್ಚಿನ ನೆರವನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದೇ ಕಾನೂನು ಕಾಲಕಾಲದ ದುರಸ್ತಿಯನ್ನು ‘ಬಂಡವಾಳ’ದ ಲೆಕ್ಕಕ್ಕೆ ಸೇರಿಸಲು ಒಪ್ಪಿತು, ಎಣ್ಣೆ ಬದಲಿಸುವುದೂ ಬಂಡವಾಳ ಎನ್ನಿಸಿಕೊಂಡದ್ದು ಹೀಗೆ. ದೊಡ್ಡ ಬಸ್ಸಿಗೆ ಅಲ್ಲಿ ಕನಿಷ್ಠ ಆಯಸ್ಸು 12 ವರ್ಷ ಅಥವಾ 5 ಲಕ್ಷ ಮೈಲಿ. ಅಷ್ಟಾದೊಡನೆ ಹೊಸ ಬಸ್ಸು ಐದನೇ ಒಂದು ಪಾಲು ಬೆಲೆಗೆ ಕೈಸೇರುವುದಾದರೆ, ಹಳೆಯದನ್ನು ಚೆನ್ನಾಗಿಟ್ಟುಕೊಂಡು 15 ವರ್ಷ ಓಡಿಸುವ ಡಿಪೊ ಮ್ಯಾನೇಜರ್‌ಗೆ ಸಿಗುವುದೇನು? ಏನೂ ಇಲ್ಲ. ಅವರು ಸೋಮಾರಿಗಳಾದ್ದರಿಂದ ಹೀಗಾಗುವುದಲ್ಲ, ಲೆಕ್ಕವೇ ಅವರನ್ನು ಆ ಕಡೆ ತಳ್ಳುತ್ತದೆ.

ಜರ್ಮನಿಯಲ್ಲಿ 1971ರ ಕಾನೂನೊಂದು ಊರಿನ ಸಾರಿಗೆ ಕಟ್ಟಡ ಕೆಲಸಕ್ಕೆ ಕೇಂದ್ರದ ಹಣ ತಂದಿತು. ರೂರ್ ಪ್ರದೇಶದ ನಗರಗಳು ಟ್ರಾಮ್‌ಗಳನ್ನು ಸುರಂಗಕ್ಕಿಳಿಸಿದವು. ಸುರಂಗಕ್ಕೆ ದುಡ್ಡು ಬಂತು. ಇಂದು ಆ ಸುರಂಗದ ಲಿಫ್ಟು, ಬೆಂಕಿ ಸುರಕ್ಷತೆ, ನೀರೆತ್ತುವ ಪಂಪು ಇವಕ್ಕೆಲ್ಲ ನಗರಗಳು ತಿಣುಕಾಡುತ್ತಿವೆ. ಮೂಗಿಗಿಂತ ಮೂಗುತಿ ಭಾರ.

ಯಾವ ಚೀಲದಿಂದಲೂ ಸುಲಭಕ್ಕೆ ದುಡ್ಡು ಹೊರಡದ ಒಂದು ಕೆಲಸವನ್ನು ಹತ್ತಿರದಿಂದ ನೋಡಿ: ಬಸ್ಸಿನ ವೇಗ ಕುಸಿಯದಂತೆ ನೋಡಿಕೊಳ್ಳುವುದು. 15 ಕಿ.ಮೀ. ಉದ್ದದ ಬಸ್ ಮಾರ್ಗ. ಹೋಗಿ ಬರಲು 30 ಕಿ.ಮೀ. ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ಸುತ್ತಿಗೆ 90 ನಿಮಿಷ, ಎರಡೂ ತುದಿಯಲ್ಲಿ ಐದೈದು ನಿಮಿಷ ವಿರಾಮ, ಒಟ್ಟು 100. ಹತ್ತು ನಿಮಿಷಕ್ಕೊಂದು ಬಸ್ ಬಿಡಲು 10 ಬಸ್ ಸಾಕು. ರಸ್ತೆಯ ದಟ್ಟಣೆಯಿಂದ ವೇಗ 15ಕ್ಕಿಳಿಯಿತು ಎನ್ನಿ. ಸುತ್ತಿಗೆ 120 ನಿಮಿಷ, ವಿರಾಮ ಸೇರಿ 130. ಅದೇ ಹತ್ತು ನಿಮಿಷದ ಅಂತರಕ್ಕೆ ಈಗ 13 ಬಸ್ ಬೇಕು. ದಿನಕ್ಕೆ 16 ಗಂಟೆ ಓಡುವ ಬಸ್ಸಿಗೆ ವಾರಕ್ಕೆ 112 ಗಂಟೆ ಚಾಲಕ ಬೇಕು. ರಜೆ, ಕಾಯಿಲೆ ಸೇರಿಸಿದರೆ ಒಂದು ಬಸ್ಸಿಗೆ ಕನಿಷ್ಠ ಮೂವರು. ಅಂದರೆ ಒಬ್ಬ ಪ್ರಯಾಣಿಕನೂ ಹೆಚ್ಚಾಗದೆ 3 ಬಸ್ಸು, 9 ಚಾಲಕರ ಸಂಬಳ ವರ್ಷ ವರ್ಷವೂ ಹೆಚ್ಚಾಯಿತು. ಸಂಸ್ಥೆಯ ಬಳಿ ಆ ಹಣ ಇರುವುದಿಲ್ಲ. ಹಾಗಾಗಿ 10 ಬಸ್ಸನ್ನೇ ಇಟ್ಟುಕೊಂಡು ಅಂತರವನ್ನು 13 ನಿಮಿಷಕ್ಕೆ ಹಿಗ್ಗಿಸುತ್ತಾರೆ. ಕಾಯುವಿಕೆ ಹೆಚ್ಚುತ್ತದೆ, ಜನ ಸ್ವಂತ ವಾಹನ ಹತ್ತುತ್ತಾರೆ, ದಟ್ಟಣೆ ಮತ್ತೆ ಹೆಚ್ಚುತ್ತದೆ.

ಇದಕ್ಕೆ ಮದ್ದು ಬಣ್ಣ ಬಳಿದ ಪ್ರತ್ಯೇಕ ಬಸ್ ಪಥ, ಸಿಗ್ನಲ್‌ನಲ್ಲಿ ಬಸ್ಸಿಗೆ ಕೆಲವು ಸೆಕೆಂಡು ಮುಂಚಿನ ಹಸಿರು, ಎಲ್ಲ ಬಾಗಿಲಲ್ಲೂ ಹತ್ತಲು ಅವಕಾಶ. ಕೆಲವೇ ತಿಂಗಳ ಕೆಲಸ. ಆದರೂ ಮಂಜೂರಾಗುವುದಿಲ್ಲ. ದುಡ್ಡಿನ ಕೊರತೆ ಇಲ್ಲಿ ನೆಪ ಅಷ್ಟೇ. ನಿಜವಾದ ಬೆಲೆ ರಾಜಕೀಯದ್ದು. ಪಥ ಬಂದರೆ ಆ ರಸ್ತೆಯ ಪಾರ್ಕಿಂಗ್ ಹೋಗುತ್ತದೆ. ಅದನ್ನು ಕಳೆದುಕೊಂಡವರು ಮರುದಿನವೇ ನಿಮ್ಮ ಕಚೇರಿ ಬಾಗಿಲಲ್ಲಿರುತ್ತಾರೆ. ಬಸ್ಸಿನಲ್ಲಿ ಹತ್ತು ನಿಮಿಷ ಉಳಿಸಿಕೊಂಡ ಸಾವಿರಾರು ಜನ ಮಾತ್ರ ಎಲ್ಲಿಗೂ ಬರುವುದಿಲ್ಲ. ದೆಹಲಿಯ 5.8 ಕಿ.ಮೀ. ಬಸ್ ಕಾರಿಡಾರ್ 2008ರಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಕಿತ್ತುಹೋಯಿತು. ರಸ್ತೆ ನಡುವಿನ ನಿಲ್ದಾಣ, ದೀರ್ಘ ಸಿಗ್ನಲ್ ಅವಧಿ ಮುಂತಾದ ವಿನ್ಯಾಸದ ತಪ್ಪುಗಳು ಅಲ್ಲಿದ್ದವು ನಿಜ. ಆದರೆ ತಪ್ಪು ತಿದ್ದುವುದಕ್ಕಿಂತ ಕಿತ್ತುಹಾಕುವುದು ಸುಲಭ ಎನಿಸಿದ್ದು ಕಾರಿನೊಳಗಿನ ದನಿ ಜೋರಾಗಿದ್ದರಿಂದ.

ಇನ್ನು ಚುನಾವಣೆಯ ಪಂಚಾಂಗ. ಗಡುವು ಎಂದರೇ ಕೆಟ್ಟದ್ದು ಎನ್ನುವವರು ನಾವಲ್ಲ. ಮ್ಯಾಡ್ರಿಡ್‌ನ ಮೆಟ್ರೊಸುರ್ ಎಂಬ 40 ಕಿ.ಮೀ. ದಾಟಿದ ವರ್ತುಲ ಮಾರ್ಗ, 28 ನಿಲ್ದಾಣಗಳೊಂದಿಗೆ 2003ರ ಏಪ್ರಿಲ್‌ನಲ್ಲಿ ತೆರೆಯಿತು. ಪ್ರಾದೇಶಿಕ ಚುನಾವಣೆ ಮೇ ತಿಂಗಳಲ್ಲಿತ್ತು. ಕಾಕತಾಳೀಯವೇನಲ್ಲ. ಆದರೆ ಅಲ್ಲಿ ಸರ್ಕಾರದ ಒಳಗೇ ಅನುಭವಿ ಎಂಜಿನಿಯರ್‌ಗಳ ಸಣ್ಣ ತಂಡವಿತ್ತು. ಒಂದೇ ಬಗೆಯ ನಿಲ್ದಾಣವನ್ನು ಮತ್ತೆ ಮತ್ತೆ ಕಟ್ಟಿದರು, ಕಡಿಮೆ ದರವೊಂದನ್ನೇ ನೋಡಿ ಗುತ್ತಿಗೆ ಕೊಡಲಿಲ್ಲ, ಕೆಲಸದ ಸ್ಥಳದಲ್ಲೇ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಆ ತಂಡಕ್ಕಿತ್ತು. ಅದೇ ಗಡುವನ್ನು ಸಲಹಾ ಸಂಸ್ಥೆಗಳ ಮೇಲೆ ಸಲಹಾ ಸಂಸ್ಥೆ ಕೂರಿಸಿಕೊಂಡ, ಸ್ವಂತ ಎಂಜಿನಿಯರ್ ಇಲ್ಲದ ಸಂಸ್ಥೆಗೆ ಕೊಟ್ಟು ನೋಡಿ. ಗುತ್ತಿಗೆದಾರನ ಹೆಚ್ಚುವರಿ ಬಿಲ್ಲು ಸರಿಯೋ ತಪ್ಪೋ ಹೇಳಬಲ್ಲವರೇ ಅಲ್ಲಿರುವುದಿಲ್ಲ.

ಎಡಿನ್‌ಬರೊ ಟ್ರಾಮ್‌ನಲ್ಲಿ ಆದದ್ದು ಅಂಥದ್ದೇ. 54.5 ಕೋಟಿ ಪೌಂಡ್ ಮಿತಿಯ ಯೋಜನೆ 77.6 ಕೋಟಿಗೆ ಮುಗಿಯಿತು. ಮೂರು ವರ್ಷ ತಡವಾಗಿ 2014ರಲ್ಲಿ, ಅದೂ ಮೊಟಕಾದ ಮಾರ್ಗದಲ್ಲಿ ಟ್ರಾಮ್ ಓಡಿತು; ಬಿಟ್ಟುಹೋದ ನ್ಯೂಹೇವನ್ ತುದಿ ಮುಟ್ಟಲು 2023 ಬರಬೇಕಾಯಿತು. ವಿನ್ಯಾಸ ಮುಗಿಯುವ ಮುಂಚೆ, ನೆಲದಡಿಯ ಕೊಳವೆಗಳು ಸ್ಥಳಾಂತರವಾಗುವ ಮುಂಚೆ ಹಳಿ ಹಾಕುವ ಗುತ್ತಿಗೆಗೆ ಸಹಿ ಬಿದ್ದದ್ದು ದೊಡ್ಡ ಕಾರಣಗಳಲ್ಲೊಂದು.

ಈ ಕೊಳವೆಯ ವಿಚಾರ ಸಣ್ಣದಾಗಿ ಕಾಣುತ್ತದೆ, ಆದರೆ ಯೋಜನೆಗಳು ಮುಗ್ಗರಿಸುವುದು ಬಹಳ ಸಲ ಇಲ್ಲಿಯೇ. ಟ್ರಾಮ್ ಹಳಿಯ ಕೆಳಗೆ ನೀರಿನ ಕೊಳವೆ ಬಿಡುವಂತಿಲ್ಲ, ಏಕೆಂದರೆ ನಾಳೆ ಅದು ಒಡೆದರೆ ಹಳಿ ಒಡೆದು ಸಂಚಾರ ನಿಲ್ಲಿಸಬೇಕು. ಆದ್ದರಿಂದ ಮೊದಲು ಎಲ್ಲವನ್ನೂ ಪಕ್ಕಕ್ಕೆ ಸರಿಸಬೇಕು: ಆಳದಲ್ಲಿರುವ ಒಳಚರಂಡಿ ಮೊದಲು, ಆಮೇಲೆ ನೀರು, ಅನಿಲ, ವಿದ್ಯುತ್, ಕೊನೆಗೆ ದೂರಸಂಪರ್ಕದ ಕೇಬಲ್. ಪ್ರತಿಯೊಂದಕ್ಕೂ ಬೇರೆ ಸಂಸ್ಥೆ, ಬೇರೆ ಅನುಮತಿ, ಬೇರೆ ತಂಡ. ಹಳೆಯ ನಕ್ಷೆಯಲ್ಲಿ ಒಂದು ಗೆರೆ ಇರುತ್ತದೆ, ಅಗೆದಾಗ ಮೂರು ಕೊಳವೆ ಸಿಗುತ್ತವೆ, ಅದರಲ್ಲೊಂದು ಯಾರದೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಟೆಂಡರ್‌ಗೆ ಮುಂಚೆ ಮಾರ್ಗದುದ್ದಕ್ಕೂ ರಾಡಾರ್ ಸಮೀಕ್ಷೆ ಮಾಡಿಸಿ, ಪ್ರತಿ 50–100 ಮೀಟರ್‌ಗೊಂದು ಅಡ್ಡಗುಂಡಿ ತೋಡಿ ಕಣ್ಣಾರೆ ನೋಡಿದರೆ ಈ ಅಪಾಯದ ಬಹುಪಾಲು ಮೊದಲೇ ಗೊತ್ತಾಗುತ್ತದೆ. ಅದಕ್ಕೆ ಒಂದು ವರ್ಷ ಬೇಕು. ಶಂಕುಸ್ಥಾಪನೆಯ ದಿನ ಗೊತ್ತಾಗಿಬಿಟ್ಟಿದ್ದರೆ ಆ ಒಂದು ವರ್ಷ ಎಲ್ಲಿಂದ ತರುವುದು?

ಅಮೆರಿಕದ ಹವಾಯಿ ರಾಜ್ಯದ ಹೊನಲುಲು ನಗರದ ಎತ್ತರಿಸಿದ ರೈಲಿನಲ್ಲೂ ಮೊದಲ ಗುತ್ತಿಗೆಯನ್ನು 2009ರಲ್ಲೇ, ಕೇಂದ್ರ ಅನುದಾನದ ಒಪ್ಪಂದಕ್ಕೆ ಮೂರು ವರ್ಷ ಮುಂಚೆ ಕೊಟ್ಟರು. 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪುರಾತತ್ತ್ವ ಸಮೀಕ್ಷೆ ಪೂರ್ತಿಯಾಗಿಲ್ಲ ಎಂದಿತು, ಕೆಲಸ ನಿಂತಿತು, ಗುತ್ತಿಗೆದಾರರ ವಿಳಂಬದ ಬಿಲ್ಲು ಮಾತ್ರ ನಿಲ್ಲಲಿಲ್ಲ. ಆಮೇಲೆ ರೈಲಿನ ಚಕ್ರ ಹಳಿ ಕೂಡುವ ಜಾಗಕ್ಕೆ ಅರ್ಧ ಇಂಚು ಕಿರಿದಾಗಿದೆ ಎಂಬುದು ಬೆಳಕಿಗೆ ಬಂತು. ಹಳಿ ಒಬ್ಬರ ಗುತ್ತಿಗೆ, ಬೋಗಿ ಇನ್ನೊಬ್ಬರ ಗುತ್ತಿಗೆ. ಎರಡರ ಅಳತೆಯನ್ನೂ ಒಟ್ಟಿಗಿಟ್ಟು ನೋಡಬೇಕಾದ ಕೆಲಸ ನಡುವೆ ಬಿದ್ದುಹೋಗಿತ್ತು. 2012ರಲ್ಲಿ 512 ಕೋಟಿ ಡಾಲರ್ ಎಂದಿದ್ದ ಅಂದಾಜು, ಮಾರ್ಗ ಮೊಟಕಾದ ಮೇಲೂ ಸುಮಾರು ಎರಡು ಪಟ್ಟಾಯಿತು.

ಅಂದಾಜುಗಳ ಬಗ್ಗೆಯೂ ನೇರವಾಗಿ ಹೇಳಬೇಕು. ಸಂಶೋಧಕ ಬೆಂಟ್ ಫ್ಲೂಬಿಯರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ 258 ಸಾರಿಗೆ ಯೋಜನೆಗಳನ್ನು ನೋಡಿತ್ತು. ಅದರಲ್ಲಿ ರೈಲು ಯೋಜನೆಗಳ ವೆಚ್ಚ ಸರಾಸರಿ ಶೇ. 45ರಷ್ಟು ಮೀರಿತ್ತು. ಪ್ರಯಾಣಿಕರ ಸಂಖ್ಯೆ ಮುನ್ನಂದಾಜಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಂದೂ ಅವರ ಮುಂದಿನ ಲೆಕ್ಕ ತೋರಿಸಿತು. ಇದು ಬರೀ ದುರದೃಷ್ಟವಾಗಿದ್ದರೆ ತಪ್ಪು ಎರಡೂ ಕಡೆ ಬೀಳಬೇಕಿತ್ತು. ಒಂದೇ ಕಡೆ ಬೀಳುವುದಕ್ಕೆ ಕಾರಣವಿದೆ: ಅನುದಾನಕ್ಕೆ ಹತ್ತು ಊರುಗಳು ಪೈಪೋಟಿ ನಡೆಸುವಾಗ, ನಿಜ ಹೇಳಿದ ಊರು ಸೋಲುತ್ತದೆ.

ಸಂಖ್ಯೆಯನ್ನು ಉಬ್ಬಿಸಲು ಸುಳ್ಳು ಬರೆಯಬೇಕಾಗಿಲ್ಲ, ಒಂದೆರಡು ತಿರುಪು ಸಡಿಲಿಸಿದರೆ ಸಾಕು. ಕಾಯುವ ಒಂದು ನಿಮಿಷವನ್ನು ಗಾಡಿಯೊಳಗಿನ ಎರಡು ನಿಮಿಷಕ್ಕೆ ಸಮ ಎಂದು ಲೆಕ್ಕ ಹಾಕುವುದು ರೂಢಿ. ವಾಹನ ಬದಲಿಸುವುದಕ್ಕೆ ಮೇಲಿಂದ ಹತ್ತು ನಿಮಿಷದ ‘ದಂಡ’ ಸೇರಿಸುತ್ತಾರೆ. ಆ ಹತ್ತನ್ನು ಐದು ಮಾಡಿದರೆ ಪ್ರಯಾಣಿಕರು ಕಾಗದದ ಮೇಲೆ ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಇನ್ನೊಂದು ತಿರುಪು ರೈಲುಗಳ ನಡುವಿನ ಅಂತರ. ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಸುತ್ತಿಗೆ 84 ನಿಮಿಷ ಹಿಡಿಯುವ ಮಾರ್ಗದಲ್ಲಿ 3 ನಿಮಿಷಕ್ಕೊಂದು ರೈಲು ಎಂದು ಪ್ರಯಾಣಿಕರ ಅಧ್ಯಾಯ ಹೇಳಿದರೆ 28 ರೈಲು ಬೇಕು, ಮೀಸಲು ಸೇರಿ 31–32. ಈಗ ಖರೀದಿಯ ಅಧ್ಯಾಯಕ್ಕೆ ಹೋಗಿ. ಅಲ್ಲಿ 18 ರೈಲು ಎಂದಿದ್ದರೆ, ಎರಡನ್ನು ಮೀಸಲಿಗೆ ಕಳೆದು 84ನ್ನು 16ರಿಂದ ಭಾಗಿಸಿ: ಐದು ನಿಮಿಷಕ್ಕೂ ಮೇಲೆ. ಪ್ರಯಾಣಿಕರ ಸಂಖ್ಯೆಯನ್ನು ಒಂದು ಅಂತರಕ್ಕೆ, ಖರ್ಚನ್ನು ಇನ್ನೊಂದು ಅಂತರಕ್ಕೆ ಲೆಕ್ಕ ಹಾಕಿರುವ ವರದಿ ಅದು. ವಾಪಸ್ ಕಳಿಸಿ.

ಎಲ್ಲರಿಗೂ ಒಂದೊಂದು ತುಂಡು ಕೊಡುವ ರಾಜಕೀಯ ಇನ್ನೊಂದು ಬಗೆ. ಲಾಸ್ ಏಂಜಲೀಸ್‌ನಲ್ಲಿ 2008ರ ಮೆಷರ್ ಆರ್ ಎಂಬ ಮಾರಾಟ ತೆರಿಗೆ ಪ್ರಸ್ತಾವಕ್ಕೆ ಮೂರನೇ ಎರಡು ಬಹುಮತ ಬೇಕಿತ್ತು, ಸುಮಾರು ಶೇ. 68 ಬಂತು. 2012ರಲ್ಲಿ ಅದನ್ನು ಮುಂದುವರಿಸುವ ಪ್ರಸ್ತಾವ ಶೇ. 66.1ಕ್ಕೆ ನಿಂತು ಕೂದಲೆಳೆಯಲ್ಲಿ ಬಿತ್ತು. ಅಷ್ಟು ಮತ ಬೇಕೆಂದರೆ ಕೌಂಟಿಯ (ಅಲ್ಲಿನ ಜಿಲ್ಲೆಯ) ಮೂಲೆಮೂಲೆಗೂ ಒಂದೊಂದು ಮಾರ್ಗ ಬರೆಯದೆ ವಿಧಿಯಿಲ್ಲ. ಹೆಚ್ಚು ಜನ ಓಡಾಡುವ ಮಾರ್ಗಕ್ಕೆ ಮೊದಲು ದುಡ್ಡು ಎನ್ನುವ ಸರಳ ನಿಯಮ ಹೀಗೆ ಸೋಲುತ್ತದೆ. ಆದರೂ ಇಲ್ಲಿ ಒಂದು ಒಳ್ಳೆಯ ಅಂಶವಿದೆ: ಮತದಾರರು ಪಟ್ಟಿಯನ್ನೂ ತೆರಿಗೆಯನ್ನೂ ಒಟ್ಟಿಗೇ ನೋಡಿ ಮತ ಹಾಕಿದರು. ಜಪಾನೀಯರಲ್ಲಿ, ರೈಲನ್ನು ತಮ್ಮ ಗದ್ದೆಗೇ ಎಳೆದುಕೊಳ್ಳುವ ರಾಜಕಾರಣಿಗಳಿಗೆಂದೇ ಒಂದು ನುಡಿಗಟ್ಟಿದೆ, ರೋಗ ಹೊಸದಲ್ಲ.

ಬಜೆಟ್ಟಿಗೆ ಹೊಂದಿಸಲು ಏನನ್ನು ಕತ್ತರಿಸುತ್ತೀರಿ ಎಂಬುದೂ ಮುಖ್ಯ. ವ್ಯಾಂಕೂವರ್‌ನ ಕೆನಡಾ ಲೈನ್ 2010ರ ಒಲಿಂಪಿಕ್ಸ್‌ಗೆ ಮುಂಚೆ, 2009ರ ಆಗಸ್ಟ್‌ನಲ್ಲಿ ತೆರೆಯಿತು. ಖಾಸಗಿ ಸಹಭಾಗಿತ್ವದ ಲೆಕ್ಕಕ್ಕೆ ಕೂರಿಸಲು ಪ್ಲಾಟ್‌ಫಾರ್ಮ್‌ಗಳನ್ನು 40 ಮೀಟರ್‌ಗೆ ಇಳಿಸಿದರು, 50ರವರೆಗೆ ಹಿಗ್ಗಿಸಬಹುದು. ಅದೇ ಊರಿನ ಹಳೆಯ ಎಕ್ಸ್‌ಪೊ ಮಾರ್ಗದ್ದು 80 ಮೀಟರ್. ಜನ ನಿರೀಕ್ಷೆಗಿಂತ ಮೊದಲೇ ತುಂಬಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಆದರೆ ಕಾಂಕ್ರೀಟಿನ ಹಾಸಿಗೆ ಆಮೇಲೆ ಉದ್ದವಾಗುವುದಿಲ್ಲ. ನಿಲ್ದಾಣದ ಅಲಂಕಾರ, ಎರಡನೇ ಪ್ರವೇಶದ್ವಾರದ ಮೇಲ್ಕಟ್ಟಡ, ಆರಂಭದ ರೈಲುಗಳ ಸಂಖ್ಯೆ ಇವನ್ನು ಈಗ ಕಡಿಮೆ ಮಾಡಿ ಮುಂದೆ ಸೇರಿಸಬಹುದು. ಪ್ಲಾಟ್‌ಫಾರ್ಮ್ ಉದ್ದ, ಸುರಂಗದ ವ್ಯಾಸ, ಡಿಪೊ ಜಾಗ, ಜೋಡಿ ಹಳಿ ಇವುಗಳಿಗೆ ಕೈ ಹಚ್ಚಬೇಡಿ.

ನಡೆಸುವ ದುಡ್ಡು ಎಲ್ಲಿಂದ ಎನ್ನುವುದಕ್ಕೆ ಜಗತ್ತಿನಲ್ಲಿ ಉತ್ತರಗಳಿಲ್ಲದೆ ಇಲ್ಲ. ಫ್ರಾನ್ಸ್ 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ, 1973ರಿಂದ ಬೇರೆ ನಗರಗಳಲ್ಲಿ ಸಂಬಳದ ಮೊತ್ತದ ಮೇಲೆ ಉದ್ಯಮಿಗಳಿಂದ ಸಾರಿಗೆ ತೆರಿಗೆ ಪಡೆಯತೊಡಗಿತು. ಇದು ಕಟ್ಟುವುದಕ್ಕೂ ಆಗುತ್ತದೆ, ನಡೆಸುವುದಕ್ಕೂ ಆಗುತ್ತದೆ. ನಾಂಟ್ ನಗರದ ಮೇಯರ್ ಟ್ರಾಮ್ ವಿವಾದದ ನಡುವೆ 1983ರ ಚುನಾವಣೆ ಸೋತರು. ಗೆದ್ದವರು ಟ್ರಾಮ್ ವಿರೋಧಿ. ಆದರೆ ಕೆಲಸ ನಿಲ್ಲಿಸಲಾಗದಷ್ಟು ಮುಂದೆ ಹೋಗಿತ್ತು. 1985ರಲ್ಲಿ ಟ್ರಾಮ್ ಓಡಿತು, ಆಮೇಲೆ ಊರೂರಿಗೆ ಹರಡಿತು. ಇದಕ್ಕೆ ಎದುರಾಗಿ ಬಾಸ್ಟನ್ ನೋಡಿ: 2000ದಲ್ಲಿ ಸಾರಿಗೆ ಸಂಸ್ಥೆಗೆ ರಾಜ್ಯದ ಮಾರಾಟ ತೆರಿಗೆಯ ಐದನೇ ಒಂದು ಪಾಲನ್ನು ಬಿಟ್ಟುಕೊಟ್ಟು, ಜೊತೆಗೇ ಹಳೆಯ ಸಾಲದ ಗಂಟನ್ನೂ ಹೊರಿಸಿದರು. ತೆರಿಗೆ ಅಂದುಕೊಂಡಷ್ಟು ಬೆಳೆಯಲಿಲ್ಲ, ಬಡ್ಡಿ ಮಾತ್ರ ತಪ್ಪದೆ ಬಂತು. ಲಂಡನ್ ಸಾರಿಗೆ ಸಂಸ್ಥೆಗೆ ವರ್ಷಕ್ಕೆ ಸುಮಾರು 70 ಕೋಟಿ ಪೌಂಡಿನ ನಡೆಸುವ ಅನುದಾನವನ್ನು 2018ರ ಹೊತ್ತಿಗೆ ಇಲ್ಲವಾಗಿಸಿದರು. ಟಿಕೆಟ್ ಹಣದ ಮೇಲೇ ನಿಂತ ಆ ವ್ಯವಸ್ಥೆ 2020ರ ಲಾಕ್‌ಡೌನ್‌ನಲ್ಲಿ ಕೈಚಾಚಿ ನಿಲ್ಲಬೇಕಾಯಿತು.

ನಗರದ ನಡುಭಾಗಕ್ಕೆ ಬರುವ ವಾಹನಗಳಿಂದ ವಸೂಲಿ ಮಾಡುವ ದಟ್ಟಣೆ ಶುಲ್ಕದ ಕತೆ ಇನ್ನೂ ಸ್ವಾರಸ್ಯ. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ಅದನ್ನು ಪ್ರಯೋಗಕ್ಕೆ ಹಚ್ಚಿತು. ಅದಕ್ಕೂ ಮುಂಚೆ, 2005ರ ಆಗಸ್ಟ್‌ನಲ್ಲೇ 197 ಹೊಸ ಬಸ್ಸು, 16 ಹೊಸ ಮಾರ್ಗ ಬಿಟ್ಟಿತು. ಮೊದಲು ವಿರೋಧಿಸಿದ್ದ ಊರು ಸೆಪ್ಟೆಂಬರ್‌ನ ಜನಮತದಲ್ಲಿ ಹೌದು ಎಂದಿತು. ಕ್ರಮ ಗಮನಿಸಿ: ಬಸ್ಸು ಮೊದಲು, ಶುಲ್ಕ ಆಮೇಲೆ, ಮತ ಕೊನೆಗೆ. ಮುಂದೆ ಸರ್ಕಾರ ಬದಲಾಗಿ ಆ ಹಣವನ್ನು ರಸ್ತೆ ಕಟ್ಟುವ ಕಡೆ ತಿರುಗಿಸಿದ್ದೂ ಇದೇ ಕತೆಯ ಭಾಗ. ನ್ಯೂಯಾರ್ಕ್‌ನಲ್ಲಿ 2019ರಲ್ಲೇ ಕಾನೂನಾಗಿದ್ದ ಶುಲ್ಕವನ್ನು, ಜಾರಿಗೆ ಕೆಲವೇ ವಾರ ಇರುವಾಗ, 2024ರ ಜೂನ್‌ನಲ್ಲಿ ರಾಜ್ಯದ ಚುನಾಯಿತ ಗವರ್ನರ್ ತಡೆದರು. ಅದನ್ನೇ ನಂಬಿದ್ದ ಸಿಗ್ನಲ್ ಬದಲಾವಣೆ, ಲಿಫ್ಟುಗಳು, ಸೆಕೆಂಡ್ ಅವೆನ್ಯೂ ಸುರಂಗ ರೈಲಿನ ಎರಡನೇ ಹಂತ ಎಲ್ಲ ಸ್ಥಗಿತವಾದವು. 2025ರ ಜನವರಿ 5ರಂದು ಶುಲ್ಕ ಬಂತು, 15 ಡಾಲರ್ ಎಂದಿದ್ದದ್ದು 9ಕ್ಕಿಳಿದು. 1972ರಲ್ಲಿ ಅಗೆಯಲು ಶುರುವಾಗಿ, 1975ರಲ್ಲಿ ನಗರದ ಬೊಕ್ಕಸ ಬರಿದಾಗಿ ನಿಂತು, ಸುಮಾರು 445 ಕೋಟಿ ಡಾಲರ್ ಖರ್ಚಿನಲ್ಲಿ ಮೊದಲ 3 ಕಿ.ಮೀ. 2017ಕ್ಕೆ ತೆರೆದ ಮಾರ್ಗ ಈ ಸೆಕೆಂಡ್ ಅವೆನ್ಯೂ. ಕಾಯುವುದು ಅದಕ್ಕೆ ಹೊಸತೇನಲ್ಲ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮಂಜೂರಾತಿ ಕಡತದಲ್ಲಿ 30 ವರ್ಷದ ನಡೆಸುವ ಮತ್ತು ಬದಲಿಸುವ ಖರ್ಚಿನ ಪುಟ ಇರಲಿ, ಪ್ರತಿ ವರ್ಷದ ಮುಂದೆ ಹಣದ ಮೂಲದ ಹೆಸರಿರಲಿ; ‘ಸೂಕ್ತ ಸಂಪನ್ಮೂಲಗಳಿಂದ’ ಎಂದು ಬರೆದಿದ್ದರೆ ಖಾಲಿ ಎಂದೇ ತಿಳಿಯಿರಿ. ಅನುದಾನ ಕೊಡುವ ಸರ್ಕಾರ, ಅದೇ ಹಣದಲ್ಲಿ ಎಷ್ಟು ಬಸ್ಸನ್ನು ಎಷ್ಟು ವರ್ಷ ಓಡಿಸಬಹುದಿತ್ತು ಎಂಬ ಹೋಲಿಕೆಯನ್ನೂ ಕೇಳಲಿ. ಮುನ್ನಂದಾಜು ಮಾಡಿದ ಸಂಸ್ಥೆಯ ಹೆಸರನ್ನೂ ಅದು ಬಳಸಿದ ಊಹೆಗಳನ್ನೂ ಟೆಂಡರ್‌ಗೆ ಮುಂಚೆ ಪ್ರಕಟಿಸಿ. ಮಾರ್ಗ ತೆರೆದ ಐದನೇ ವರ್ಷ ನಿಜ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಅಚ್ಚು ಹಾಕಿ. ಯೋಜನಾ ಸಂಸ್ಥೆಯಲ್ಲಿ ಗುತ್ತಿಗೆದಾರನ ಬಿಲ್ಲು ಓದಬಲ್ಲ ಖಾಯಂ ಎಂಜಿನಿಯರ್‌ಗಳನ್ನು ಇಟ್ಟುಕೊಳ್ಳಿ.

ಇವೆಲ್ಲಕ್ಕೆ ಕಾಲ ಹಿಡಿಯುತ್ತದೆ ಎನ್ನುವುದಾದರೆ, ನಾಳೆಯೇ ಆಗುವ ಒಂದು ಕೆಲಸವಿದೆ. ನಿಮ್ಮ ಆಡಳಿತದ ಅತಿ ದಟ್ಟಣೆಯ ಹತ್ತು ಬಸ್ ಮಾರ್ಗಗಳಲ್ಲಿ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಬಸ್ಸಿನ ಸರಾಸರಿ ವೇಗ ಎಷ್ಟೆಂದು ಸಾರಿಗೆ ಸಂಸ್ಥೆಯಿಂದ ಲಿಖಿತವಾಗಿ ತರಿಸಿಕೊಳ್ಳಿ, ಐದು ವರ್ಷ ಹಿಂದಿನದನ್ನೂ ಜೊತೆಗಿಡಲು ಹೇಳಿ. ಜಿಪಿಎಸ್ ದಾಖಲೆ ಅವರ ಸರ್ವರ್‌ನಲ್ಲೇ ಇದೆ. ಒಂದು ವಾರ ಸಾಕು.

ಇಂತಿ,
ಯೋಜನಾ ವರದಿ ಬರೆಯುವವರು, ವೇಳಾಪಟ್ಟಿ ಹಾಕುವವರು, ಡಿಪೊ ನಡೆಸುವವರು